ರೇಸಿನ ವಾಚು ನಿಂತ ಬೆಳಿಗ್ಗೆ

ರಶ್ಮಿ, ಚೇತು, ಹೋದ ವಾರ ಹುಳುವಿನ ತಟ್ಟೆಗೆ ಹಾಸಲು ನಿಮ್ಮಪ್ಪ ರಾಮನಗರದಿಂದ ಹಳೆಯ ಇಂಗ್ಲಿಷ್ ಪೇಪರಿನ ಕಟ್ಟು ತಂದನಲ್ಲ, ಅದನ್ನು ಬಿಚ್ಚಿ ಹಾಸುತ್ತಿದ್ದವಳು ನಾನು. ನನಗೆ ಇಂಗ್ಲಿಷ್ ಬಾರದು. ಆದರೆ ಹಾಸುವ ಮುಂಚೆ ಚಿತ್ರಗಳನ್ನೆಲ್ಲ ಒಮ್ಮೆ ನೋಡಿಬಿಡುವುದು ನನ್ನ ಹಳೆಯ ಚಟ. ಎಷ್ಟೋ ಜನ ಮಂತ್ರಿಗಳು, ಸಿನಿಮಾದವರು, ಮದುವೆಯಾದ ಶ್ರೀಮಂತರ ಮಕ್ಕಳು ನಮ್ಮ ಮನೆಯ ರೇಷ್ಮೆ ಹುಳುಗಳ ಹೊಟ್ಟೆಯ ಕೆಳಗೆ ಮಲಗಿ ಹೋಗಿದ್ದಾರೆ. ಈ ಸಲ ಇಡೀ ಹಾಳೆಯ ಜಾಹೀರಾತೊಂದು ಬಂತು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತ ಒಬ್ಬ ರೇಸಿನವನು. ಅವನ ಹಿಂದೆ ನೆಲಕ್ಕೆ ಅಂಟಿದಂತಿರುವ ಕೆಂಪು ಕಾರು. ಮುಂದೆ, ಅವನ ಮುಖಕ್ಕಿಂತ ದೊಡ್ಡದಾಗಿ, ಒಂದು ವಾಚು. ಕಪ್ಪು ಮುಖ, ಆ ಮುಖದೊಳಗೆ ಮೂರು ಪುಟ್ಟ ಮುಖಗಳು, ಅಂಚಿನ ಸುತ್ತ ಅಂಕಿಗಳ ಬಳೆ, ಪಕ್ಕದಲ್ಲಿ ಕಿವಿಗಳಂತೆ ಎರಡು ಗುಂಡಿ.

ನನ್ನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಬಂದ ರಶ್ಮಿ ಬಗ್ಗಿ ನೋಡಿದಳು.

“ಅಜ್ಜೀ, ಇದು ತಾತನ ವಾಚು ಇದ್ದಂಗೇ ಐತಲ್ಲ!”

“ಇದ್ದಂಗೆ ಅಲ್ಲ ಕಣೆ, ಅದೇ.”

“ಅಂದ್ರೆ ತಾತಂದು ಒರಿಜಿನಲ್ಲಾ? ಅಯ್ಯೋ, ಇದು ರೇಸ್ ಓಡ್ಸೋರು ಕಟ್ಟೋದು ಅಂತ ಬರ್ದವ್ರೆ ಇಲ್ಲಿ. ನಾವು ಡೂಪ್ಲಿಕೇಟು ಅನ್ಕಂಡು ಟ್ರಂಕಲ್ಲಿ ಹಾಕಿದ್ದೀವಲ್ಲ!”

ಚೇತು ಓಡಿಬಂದು, “ಅಜ್ಜಿ, ನಂಗೆ ಕೊಡು, ಸ್ಕೂಲಿಗೆ ಕಟ್ಕೊಂಡೋಯ್ತೀನಿ” ಅಂದ. ಕೆಟ್ಟು ನಿಂತ ವಾಚನ್ನು ಕಟ್ಟಿಕೊಂಡು ಏನು ಮಾಡುತ್ತೀಯೋ ಎಂದು ರಶ್ಮಿ ಹಂಗಿಸಿದಳು. ನಾನು, “ಕೊಡ್ತೀನಿ, ಆಮ್ಯಾಕೆ” ಅಂದೆ. ನಾನು ಆಮೇಲೆ ಅಂದರೆ ಅದು ಎಷ್ಟು ದೂರವೆಂದು ನಿಮಗೆ ಗೊತ್ತೇ ಇದೆ. ಇಬ್ಬರೂ ಮುಖ ಊದಿಸಿಕೊಂಡು ಹೋದಿರಿ.

ಬರೆಯಲು ಕೂತದ್ದು ಅದಕ್ಕೇ. ವಾಚನ್ನು ಕೊಡುವ ಮುಂಚೆ ಅದರ ಜೊತೆಗಿರುವ ಇನ್ನೊಂದನ್ನೂ ಕೊಡಬೇಕು. ತಾತನನ್ನು ಅವಸರಪಟ್ಟು ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದ, ಇನ್ನೆರಡು ದಿನ ಕಾಯಲಿಲ್ಲ ಎಂಬ ಮಾತು ನಿಮ್ಮಪ್ಪನ ಮೇಲೆ ಕೂತಿದೆ. ನೀವೂ ಅದನ್ನು ಕೇಳಿದ್ದೀರಿ. ಆ ಅವಸರ ಅವನದಲ್ಲ, ನನ್ನದು. ನಾಲ್ಕು ವರ್ಷದಿಂದ ಇದನ್ನು ಹೇಳಬೇಕೆಂದುಕೊಂಡು ಹೇಳಿಲ್ಲ. ಬಾಯಲ್ಲಿ ಬಾರದ್ದು ಪೆನ್ನಿನಲ್ಲಿ ಬರುತ್ತದೋ ನೋಡೋಣ.

ನಾನು ಮಾತಾಡದವಳು ಎಂದು ಎಲ್ಲರೂ ಹೇಳುತ್ತಾರೆ, ಅದೊಂದು ಒಳ್ಳೆಯ ಗುಣ ಅನ್ನುವ ಹಾಗೆ. ಅದು ಒಳ್ಳೆಯ ಗುಣವಲ್ಲ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡೇ ನಮ್ಮ ಗಂಟೆ. ಮನೆಯಲ್ಲಿ ಅವ್ವ ಹೊಸಲಿನ ಮೇಲೆ ಬೀಳುವ ನೆರಳು ನೋಡಿ ಹುಳುವಿಗೆ ಸೊಪ್ಪು ಕೊಡುತ್ತಿದ್ದಳು. ಮೋಡ ಕವಿದ ದಿನ ನೆರಳಿಲ್ಲದೆ, ಹುಳು ಸೊಪ್ಪು ಮೇಯುವ ಸದ್ದು ಕಡಿಮೆಯಾಯಿತೋ ಇಲ್ಲವೋ ಎಂದು ಕಿವಿಗೊಟ್ಟು ಕೂರುತ್ತಿದ್ದಳು. ಒಂದು ಸಲ ಮೇಷ್ಟ್ರು ಶಾಲೆಗೆ ಗೋಡೆ ಗಡಿಯಾರ ತಂದರು. ಗಂಟೆ ಎಷ್ಟಾಗಿದೆ, ಯಾರಾದರೂ ಹೇಳಿ ಎಂದರು. ಯಾರಿಗೂ ಗೊತ್ತಿರಲಿಲ್ಲ, ನನಗೊಬ್ಬಳಿಗೆ ಗೊತ್ತಿತ್ತು. ಹತ್ತು ಗಂಟೆ ಇಪ್ಪತ್ತು ನಿಮಿಷ. ಕೈ ಎತ್ತಿದರೆ ರವಿಕೆಯ ಕಂಕುಳು ಹರಿದಿರುವುದು ಕಾಣುತ್ತದಲ್ಲ ಎಂದು ಸುಮ್ಮನೆ ಕೂತೆ. ಮೇಷ್ಟ್ರಿಗೆ ಸಿಟ್ಟು ಬಂದು, ಯಾರಾದರೂ ಹೇಳುವವರೆಗೂ ಬಿಸಿಲಲ್ಲಿ ನಿಂತಿರಿ ಎಂದು ಇಡೀ ತರಗತಿಯನ್ನು ಹೊರಗೆ ಕಳಿಸಿದರು. ಊಟದ ಗಂಟೆ ಹೊಡೆಯುವವರೆಗೆ ಮೂವತ್ತು ಮಕ್ಕಳು ನಿಂತರು. ನಾನೂ ಅವರ ನಡುವೆ ನಿಂತಿದ್ದೆ, ಉತ್ತರವನ್ನು ಬಾಯಲ್ಲಿ ಪೆಪ್ಪರಮಿಂಟಿನ ಹಾಗೆ ಇಟ್ಟುಕೊಂಡು. ಮನೆಗೆ ಬಂದ ಮೇಲೆ ಅವ್ವ ರವಿಕೆ ಹೊಲಿದುಕೊಟ್ಟಳು. ಹೊಲಿದ ಮೇಲೂ ನಾನು ಕೈ ಎತ್ತಲಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ವಾಚಿಗೆ ಬರೋಣ.

ಹೆದ್ದಾರಿಯ ಆಚೆ ಕಾರಿನ ಕಾರ್ಖಾನೆ ಬಂದಾಗ ನೀವಿನ್ನೂ ಹುಟ್ಟಿರಲಿಲ್ಲ. ಮೊದಲು ಕೆಂಪು ಧೂಳು ಬಂತು, ಆಮೇಲೆ ಬೇಲಿ, ಆಮೇಲೆ ಬೆಳಗಿನ ಹೊತ್ತು ನಮ್ಮ ಕೈಲಾಂಚದ ಕಡೆಗೂ ಬಿಳಿ ವ್ಯಾನು. ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿದ್ದ ಗಂಡಸರಲ್ಲಿ ಅರ್ಧ ಜನ ಇಸ್ತ್ರಿ ಹಾಕಿದ ಶರಟು ತೊಟ್ಟು ಆ ವ್ಯಾನು ಹತ್ತಿದರು. ನಿಮ್ಮ ತಾತನೂ ಹತ್ತಿದರು. ಅವರಿಗೆ ಸಿಕ್ಕ ಕೆಲಸ ಏನೆಂದರೆ ಬಾವುಟ ಹಿಡಿಯುವುದು. ಹೊಸ ಕಾರುಗಳನ್ನು ಓಡಿಸಿ ನೋಡಲು ಕಾರ್ಖಾನೆಯೊಳಗೆ ಉದ್ದನೆಯ ರಸ್ತೆಯೊಂದಿತ್ತು. ಅದರ ತಿರುವಿನಲ್ಲಿ ನಿಂತು, ರಸ್ತೆಯ ಮೇಲೆ ನಾಯಿ, ನವಿಲು ಏನಾದರೂ ಬಂದರೆ ಕೆಂಪು ಬಾವುಟ, ಇಲ್ಲದಿದ್ದರೆ ಹಸಿರು. “ಕೂಲಿಗೆ ಬಾವುಟ ಅಲ್ಲಾಡ್ಸದು ಅಂದ್ರೆ ಪಾರ್ಟಿಯೋರಿಗೂ ನಮ್ಗೂ ಯಾತ್ರ ಯತ್ಯಾಸ?” ಎಂದು ತಮ್ಮನ್ನೇ ನಗುತ್ತಿದ್ದರು.

ಒಂದು ದಿನ ಬೇಲಿ ಹರಿದಿದ್ದ ಕಡೆಯಿಂದ ಎಮ್ಮೆಯೊಂದು ನುಗ್ಗಿ ರಸ್ತೆಯ ನಡುವೆ ನಿಂತಿತು. ಕಾರು ಬರುತ್ತಿತ್ತು. ತಾತ ಬಾವುಟ ಬೀಸುವುದಷ್ಟೇ ಅಲ್ಲ, ತಾವೇ ಓಡಿಹೋಗಿ ಎಮ್ಮೆಯ ಮುಂದೆ ನಿಂತುಬಿಟ್ಟರಂತೆ. ಕಾರು ಕಿರುಚಿಕೊಂಡು ಹತ್ತು ಮಾರು ದೂರದಲ್ಲಿ ನಿಂತಿತು. ಅದರಲ್ಲಿದ್ದವನು ಪರದೇಶದ ಎಂಜಿನಿಯರು. ಯಾವ ದೇಶದವನೋ ನನಗೆ ಇವತ್ತಿಗೂ ಗೊತ್ತಿಲ್ಲ, ತಾತ ಅವನನ್ನು “ನಮ್ ಫಾರಿನ್ನು” ಅನ್ನುತ್ತಿದ್ದರು. ಆ ಫಾರಿನ್ನು ತನ್ನ ದೇಶಕ್ಕೆ ಹೊರಡುವ ದಿನ ತಿರುವಿನ ಹತ್ತಿರ ಬಂದು, ತನ್ನ ಕೈಯಲ್ಲಿದ್ದ ವಾಚನ್ನು ಬಿಚ್ಚಿ ತಾತನ ಕೈಗೆ ಕಟ್ಟಿದ. ಅವನಿಗೆ ಕಾರಿನ ರೇಸೆಂದರೆ ಪ್ರಾಣವಂತೆ. ಇದು ರೇಸಿನವರ ವಾಚು ಎಂದು ಕೈಯಲ್ಲೇ ಸ್ಟೇರಿಂಗ್ ತಿರುಗಿಸಿ ತೋರಿಸಿದನಂತೆ.

ಅವನ ಮಾತು ಇವರಿಗೆ ತಿಳಿಯದು, ಇವರ ಮಾತು ಅವನಿಗೆ ತಿಳಿಯದು. ಎಲ್ಲ ಕೈಸನ್ನೆಯಲ್ಲೇ. ಕೀಲಿ ಕೊಡಬೇಕಾ ಎಂದು ತಾತ ಬೆರಳು ತಿರುವಿ ಕೇಳಿದ್ದಕ್ಕೆ ಬೇಡವೆಂದು ತಲೆ ಆಡಿಸಿದ. ಸೆಲ್ಲಾ ಎಂದರೆ ಅದಕ್ಕೂ ಬೇಡವೆಂದ. ಮತ್ತೆ ಹೇಗೆ ಓಡುತ್ತದೆ ಎಂದರೆ, ತಾತನ ಮಣಿಕಟ್ಟನ್ನು ಹಿಡಿದು ಎರಡು ಸಲ ಅಲ್ಲಾಡಿಸಿ, ಅಲ್ಲೇ ಬೆರಳಿಟ್ಟು ನಕ್ಕ.

ಆ ಸಂಜೆ ಮನೆಗೆ ಬಂದು ತಾತ ನನಗೆ ಅದನ್ನು ವಿವರಿಸಿದ್ದು ಹೀಗೆ: “ಇವ್ಳೇ, ಇಲ್ಲಿ ನೋಡು. ಇದಕ್ಕೆ ಕೀಲೀನೂ ಇಲ್ಲ, ಸೆಲ್ಲೂ ಇಲ್ಲ. ನನ್ ನಾಡಿ ಹೊಡ್ಕತದಲ್ಲ, ಅದರ ಮೇಲೆ ಓಡ್ತದೆ. ನನ್ ಜೀವ ಇರೋಗಂಟ ಇದೂ ಓಡ್ತದೆ.”

“ಹಂಗೂ ಉಂಟಾ?” ಅಂದೆ.

“ಬಾವುಟದೋನ ಮಾತು ನಂಬಬ್ಯಾಡ, ಎಂಜಿನಿಯರ್ ಮಾತು ನಂಬು.”

ನಂಬಿದೆ. ಅವರೂ ನಂಬಿದ್ದರು. ಅವತ್ತಿನಿಂದ ಆ ವಾಚನ್ನು ಅವರು ಸ್ನಾನಕ್ಕೂ ಬಿಚ್ಚಲಿಲ್ಲ.

ಆ ವಾಚಿನಲ್ಲಿ ಒಂದು ವಿಚಿತ್ರವಿತ್ತು. ನಡುವಿನ ಉದ್ದನೆಯ ತೆಳ್ಳನೆಯ ಮುಳ್ಳು ಸುಮ್ಮನೆ ಹನ್ನೆರಡರ ಮೇಲೆ ನಿಂತಿರುತ್ತಿತ್ತು. ಅದನ್ನು ನೋಡಿದವರೆಲ್ಲ ವಾಚು ಕೆಟ್ಟಿದೆ ಎನ್ನುತ್ತಿದ್ದರು. ನಿಜಕ್ಕೂ ಓಡುತ್ತಿದ್ದದ್ದು ಒಳಗಿನ ಪುಟ್ಟ ಮುಖದ ಪುಟ್ಟ ಮುಳ್ಳು. ಮೇಲಿನ ಗುಂಡಿ ಒತ್ತಿದರೆ ಮಾತ್ರ ಉದ್ದನೆಯದು ಓಡಲು ಶುರುಮಾಡುತ್ತಿತ್ತು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತಿತ್ತು. ತಾತನಿಗೆ ಇದು ಸಿಕ್ಕಿದ್ದೇ ತಡ, ಊರಿನಲ್ಲಿ ಅಳತೆ ಹಾಕದ ಕೆಲಸವೇ ಉಳಿಯಲಿಲ್ಲ. ನಾನು ಮುದ್ದೆ ತಿರುವುವುದನ್ನು ಅಳೆದರು. ಹಸು ಹಾಲು ಕೊಡುವುದನ್ನು ಅಳೆದರು. ಸಾವನದುರ್ಗಕ್ಕೆ ಹೋದಾಗ ನಾನು ಬೆಟ್ಟದ ಬುಡದಲ್ಲೇ ಕೂತುಬಿಟ್ಟೆ, ನಾನು ಕೂತಿದ್ದನ್ನೂ ಅಳೆದರು. ಬೈರಾಪಟ್ಟಣದಿಂದ ಅವರ ತಂಗಿ, ಅಂದರೆ ನನ್ನ ನಾದಿನಿ ಪುಟ್ಟತಾಯಮ್ಮ ಬಂದು ಮಾತಿಗೆ ಕೂತರೆ ತಾತ ಮೆಲ್ಲಗೆ ಗುಂಡಿ ಒತ್ತುತ್ತಿದ್ದರು. ಅವಳು ಹೋದ ಮೇಲೆ ನನ್ನ ಹತ್ತಿರ ಬಂದು, “ಒಂದೇ ಉಸಿರಲ್ಲಿ ನಲವತ್ತೆಂಟು ಸೆಕೆಂಡು! ಫಾರಿನ್ ಕಾರೂ ಹಿಂಗೆ ಓಡಕಿಲ್ಲ” ಅನ್ನುತ್ತಿದ್ದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಅಂಚಿನ ಸುತ್ತ ಇರುವ ಅಂಕಿಗಳು ವೇಗ ತಿಳಿಯುವುದಕ್ಕಂತೆ. ಒಂದು ಕಿಲೋಮೀಟರ್ ಕಲ್ಲಿನ ಹತ್ತಿರ ಗುಂಡಿ ಒತ್ತಿ, ಮುಂದಿನ ಕಲ್ಲಿನ ಹತ್ತಿರ ನಿಲ್ಲಿಸಿದರೆ, ಮುಳ್ಳು ತೋರಿಸುವ ಅಂಕಿಯೇ ಗಾಡಿಯ ವೇಗ. ಆದರೆ ಮುಳ್ಳು ಒಂದು ಸುತ್ತು ಮುಗಿಸುವುದರೊಳಗೆ ಆ ಕಲ್ಲು ಬರಬೇಕು. ತಾತ ರಾಮನಗರದ ಬಸ್ಸಿನ ಕಿಟಕಿಯ ಪಕ್ಕ ಕೂತು ಎಷ್ಟೋ ಸಲ ಪರೀಕ್ಷೆ ಮಾಡಿದರು. ನಮ್ಮ ಬಸ್ಸು ಒಂದು ಸಲವೂ ಆ ಸುತ್ತಿನೊಳಗೆ ಬರಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿ, “ಏನ್ ಗೌಡ್ರೇ, ಇವತ್ತಾದ್ರೂ ಪಾಸ್ ಆಯ್ತಾ ನಮ್ ಗಾಡಿ?” ಎಂದು ಕೂಗುತ್ತಿದ್ದ. “ಇಲ್ಲ ಕಣಪ್ಪ, ಫೇಲು” ಎಂದು ಇವರು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ನಾನು ಹೆಂಗಸರ ಸೀಟಿನಲ್ಲಿ ಯಾರೋ ಎಂಬಂತೆ ಕೂತಿರುತ್ತಿದ್ದೆ.

ನಗುವುದೆಲ್ಲ ಬರೆದು ಮುಗಿಯಿತು. ಇನ್ನು ಮುಂದಿನದು ನನಗೆ ಕಷ್ಟ.

ಒಂದು ಸೋಮವಾರ ಬೆಳಿಗ್ಗೆ ತಾತ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಚಂದ್ರಿಕೆ ಕೈಯಿಂದ ಜಾರಿತು. ಅದನ್ನು ಎತ್ತಲು ಬಗ್ಗಿದವರು ಮೇಲೆ ಏಳಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ತಲೆಯೊಳಗೆ ರಕ್ತನಾಳ ಒಡೆದಿದೆ ಅಂದರು. ಗಾಜಿನ ಬಾಗಿಲಿನ ಒಳಗೆ ಅವರನ್ನು ಮಲಗಿಸಿ, ನರ್ಸಮ್ಮ ವಾಚನ್ನು ಬಿಚ್ಚಿ ನನಗೆ ತಂದುಕೊಟ್ಟಳು.

“ಕೈಗೆ ಕಟ್ಕೊಳ್ಳಿ ಅಮ್ಮ, ಎಲ್ಲಾದ್ರೂ ಕಳ್ಕೊಂಡೀರಿ” ಅಂದಳು.

ಆ ಮಾತು ಈಗಲೂ ಕಿವಿಯಲ್ಲಿದೆ. ಅಷ್ಟು ಜನರ ಎದುರಿಗೆ, ಗಂಡಸರ ಅಷ್ಟು ದೊಡ್ಡ ವಾಚನ್ನು ನಾನು ಕಟ್ಟಿಕೊಳ್ಳುವುದೇ? ನೋಡಿದವರು ಏನಂದುಕೊಂಡಾರು? ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿ, ಬಟ್ಟೆಯ ಬ್ಯಾಗಿನ ತಳದಲ್ಲಿಟ್ಟು, ಬ್ಯಾಗನ್ನು ಗೋಡೆಯ ಮೊಳೆಗೆ ನೇತುಹಾಕಿದೆ. ಆಗಾಗ ಹೋಗಿ, ಬ್ಯಾಗಿನೊಳಗೆ ಮುಖ ಇಟ್ಟು ಕರವಸ್ತ್ರ ಸರಿಸಿ ನೋಡುತ್ತಿದ್ದೆ. ಪುಟ್ಟ ಮುಳ್ಳು ಓಡುತ್ತಿತ್ತು. ಒಳಗೆ ಅವರ ನಾಡಿ ಇದೆ, ಇಲ್ಲಿ ಮುಳ್ಳು ಓಡುತ್ತಿದೆ ಎಂದು ಸಮಾಧಾನವಾಗುತ್ತಿತ್ತು. ಕೈಯಲ್ಲಿ ಇಲ್ಲದೆ ಇದ್ದರೂ ಹೇಗೆ ಓಡುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಗಂಡನ ಜೀವದ ವಿಷಯದಲ್ಲಿ ಯಾರು ಅಂಥ ತರ್ಕ ಮಾಡುತ್ತಾರೆ?

ಬುಧವಾರ ಬೆಳಿಗ್ಗೆ ನಿಮ್ಮಪ್ಪ ಕಾಫಿ ತರಲು ಹೋಗಿದ್ದ. ನಾನು ಬ್ಯಾಗಿನೊಳಗೆ ನೋಡಿದೆ. ಪುಟ್ಟ ಮುಳ್ಳು ನಿಂತಿತ್ತು.

ನಮ್ಮ ಕಡೆ ಮನೆಯ ಹೊರಗೆ ಪ್ರಾಣ ಹೋದವರನ್ನು ಹೊಸಲು ದಾಟಿಸಿ ಒಳಗೆ ತರುವುದಿಲ್ಲ. ಅಂಗಳದಲ್ಲೇ ಚಪ್ಪರ ಹಾಕಿ ಮಲಗಿಸುತ್ತಾರೆ. ತಾವೇ ಕಲ್ಲು ಹೊತ್ತು ಕಟ್ಟಿದ ಮನೆಯ ಮುಂದೆ ಅವರು ಪರದೇಶಿಯ ಹಾಗೆ ಹೊರಗೆ ಮಲಗುವುದು ನನ್ನ ಕಣ್ಣಿಗೆ ಬಂತು. ಇನ್ನು ಏನೂ ಉಳಿದಿಲ್ಲ, ಉಸಿರಿರುವಾಗಲೇ ಒಳಗೆ ಸೇರಿಸಬೇಕು ಎಂದು ಒಂದೇ ಯೋಚನೆ.

ನಿಮ್ಮಪ್ಪ ಕಾಫಿ ಹಿಡಿದು ಬಂದ. “ಮನೆಗೆ ಕರ್ಕೊಂಡೋಗಾಣ ಕಣಪ್ಪ” ಅಂದೆ.

“ಏನವ್ವ ನೀನು? ಡಾಕ್ಟ್ರು ಇನ್ನೆರಡು ದಿನ ನೋಡಾಣ ಅಂತವ್ರೆ. ಕೈ ಒಸಿ ಆಡ್ಸವ್ರಂತೆ ಬೆಳಿಗ್ಗೆ.”

“ಬ್ಯಾಡ. ಕರ್ಕೊಂಡೋಗಾಣ.”

“ಅವ್ವ, ಜ್ವರಕ್ಕೆ ನಿಂತ ಹುಳ ಎದ್ದೇಳಕಿಲ್ವಾ? ಹಂಗೇ ಅನ್ಕ. ಎರಡು ದಿನ ಕಾಯಾಣ.”

ಹುಳು ಸಾಕುವವರ ಮಗ ಅಲ್ಲವೇ, ಅವನಿಗೆ ಬೇರೆ ಹೋಲಿಕೆ ಎಲ್ಲಿಂದ ಬರಬೇಕು? ನಿಮಗೂ ಗೊತ್ತು: ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಹೊಸದಾಗಿ ಹುಳು ಸಾಕುವವರು ಅದನ್ನು ನೋಡಿ ಸತ್ತಿತೆಂದು ಹೆದರುತ್ತಾರೆ. ತಿಳಿದವರು ಮುಟ್ಟದೆ, ಸೊಪ್ಪು ಹಾಕದೆ, ಸುಮ್ಮನೆ ಕಾಯುತ್ತಾರೆ. ಹಳೆಯ ಚರ್ಮ ಕಳಚಿ ಅದು ತಾನೇ ಏಳುತ್ತದೆ. ಮೂವತ್ತು ವರ್ಷ ಹೀಗೆ ಕಾದವಳು ನಾನು. ಅವತ್ತು ಕಾಯಲಿಲ್ಲ. ವಾಚು ನಿಂತಿದೆ ಎಂದು ಅವನಿಗೆ ಹೇಳಲೂ ಇಲ್ಲ. ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದನೇನೋ. ಆ ನಗುವಿನಿಂದ ಎಲ್ಲ ಸರಿಹೋಗುತ್ತಿತ್ತೇನೋ.

ನಾನು ಯಾವತ್ತೂ ಹಟ ಮಾಡಿದವಳಲ್ಲ. ಅದಕ್ಕೇ ಅವತ್ತು ನಾನು ಮೂರನೆಯ ಸಲ “ಕರ್ಕೊಂಡೋಗಾಣ” ಅಂದಾಗ ನಿಮ್ಮಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ, ನಮ್ಮ ಸ್ವಂತ ಇಷ್ಟದಿಂದ ಕರೆದುಕೊಂಡು ಹೋಗುತ್ತಿದ್ದೇವೆ ಎಂಬ ಕಾಗದಕ್ಕೆ ಸಹಿ ಹಾಕಿದ. ಸಹಿ ಅವನದು. ಕೈ ಅವನದು. ಬಾಯಿ ಮಾತ್ರ ನನ್ನದು.

ತಾತನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿದೆವು. ನೆಂಟರು ಬಂದರು. ಬಾಯಿಗೆ ನೀರು ಬಿಟ್ಟರು. ಇನ್ನೇನು, ಇನ್ನೇನು ಎಂದು ಎಲ್ಲರೂ ಕಾಯುತ್ತಿದ್ದರು. ತಾತ ಹೋಗಲಿಲ್ಲ. ಬುಧವಾರ ಕಳೆಯಿತು. ಗುರುವಾರ ಮಧ್ಯಾಹ್ನ ಅವರ ಬಾಯಿಗೆ ಬಿಟ್ಟ ನೀರು ಒಳಗೆ ಇಳಿಯಿತು. ನಾನು ಕೈ ಹಿಡಿದುಕೊಂಡಿದ್ದೆ, ನನ್ನ ಬೆರಳನ್ನು ಒತ್ತಿದರು. ವಾಚು ಟ್ರಂಕಿನಲ್ಲಿ ನಿಂತಿತ್ತು, ಮನುಷ್ಯ ಚಾಪೆಯ ಮೇಲೆ ಉಸಿರಾಡುತ್ತಿದ್ದರು. ನಾನು ತಪ್ಪು ಮಾಡಿದೆ ಎಂಬುದು ನನಗೆ ಗೊತ್ತಾದದ್ದು ಆವಾಗಲೇ.

ನಿಮ್ಮಪ್ಪನೂ ಅದನ್ನು ನೋಡಿದ. “ವ್ಯಾನ್ ಕರ್ಸ್ತೀನಿ, ವಾಪಸ್ ಆಸ್ಪತ್ರೆಗೆ ಹೋಗಾಣ” ಎಂದು ಎದ್ದ.

“ದೀಪ ಹಚ್ಚಾದ್ಮೇಲೆ ಹೊರಕ್ಕೆ ಎತ್ಕೊಂಡೋಯ್ತಾರೇನ್ಲಾ?” ಎಂದು ಹಿರಿಯರೊಬ್ಬರು ಗದರಿದರು.

ಅವನು ನನ್ನ ಕಡೆ ನೋಡಿದ. ನಾನು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ನಾನು ದೀಪದ ಬತ್ತಿಯನ್ನು ಸರಿಮಾಡುತ್ತಾ ಕೂತೆ.

ಅಷ್ಟರಲ್ಲಿ ನಾದಿನಿ ಅವನ ಮೇಲೆ ಬಿದ್ದಳು. “ಇಷ್ಟ್ ಗಟ್ಟಿ ಉಸಿರು ಇಟ್ಕೊಂಡವ್ನೆ ನಮ್ಮಣ್ಣ! ಯಾವ ಆತ್ರ ಬಿದ್ದಿತ್ತು ನಿಂಗೆ ಕರ್ಕೊಂಡು ಬರಾಕೆ?”

ಅವನು ಇನ್ನೊಂದು ಸಲ ನನ್ನ ಕಡೆ ನೋಡಿದ. ನಾನು ತಲೆ ಎತ್ತಲಿಲ್ಲ. “ಡಾಕ್ಟ್ರೇ ಆಗಕಿಲ್ಲ ಅಂದ್ರು ಅತ್ತೆ” ಅಂದ.

ಅವನು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನನ್ನು ಮರೆಮಾಡಲು ಹೇಳಿದ. ಶುಕ್ರವಾರ ಬೆಳಿಗ್ಗೆ ತಾತ ಹೋದರು. ಡಾಕ್ಟರು ಕೇಳಿದ್ದ ಎರಡು ದಿನ ಅಂದರೆ ಸರಿಯಾಗಿ ಅಷ್ಟೇ.

ಹನ್ನೊಂದರ ದಿನ ನಾದಿನಿಯ ಅಳಿಯ ಆಸ್ಪತ್ರೆಯ ಕಾಗದಗಳನ್ನು ತಿರುವಿ ನೋಡಿ, ಡಾಕ್ಟರು ಬಿಟ್ಟುಕೊಟ್ಟಿದ್ದಲ್ಲ, ಇವರೇ ಬಿಡಿಸಿಕೊಂಡು ಬಂದಿದ್ದು ಎಂದು ಓದಿ ಹೇಳಿದ. ಅಲ್ಲಿಗೆ ನಿಮ್ಮಪ್ಪ ಅವಸರಗಾರನಷ್ಟೇ ಅಲ್ಲ, ಸುಳ್ಳುಗಾರನೂ ಆದ.

ನಾದಿನಿ ಕೆಟ್ಟವಳಲ್ಲ. ಒಡಹುಟ್ಟಿದ ಅಣ್ಣನನ್ನು ಕಳೆದುಕೊಂಡವಳು ಯಾರನ್ನಾದರೂ ಬೈಯಬೇಕು. ಅವಳಿಗೆ ಸಿಕ್ಕಿದ್ದು ತಪ್ಪು ಮನುಷ್ಯ ಅಷ್ಟೆ. ಪ್ರತಿ ವರ್ಷ ಮಾರ್ನಮಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಅವಳು ಬರುತ್ತಾಳೆ. ತಾತನಿಗೆ ಇಷ್ಟವಾದದ್ದನ್ನೆಲ್ಲ ಎಡೆಯ ಮುಂದೆ ಇಡಿಸುತ್ತಾಳೆ: ಕೋಳಿ ಸಾರು, ಎಲೆ ಅಡಿಕೆ, ಹೊಸ ಪಂಚೆ, ಆ ವಾಚು. ಆಮೇಲೆ ಕಣ್ಣು ಒರೆಸಿಕೊಂಡು, “ಒಸಿ ತಡ್ಕಂಡಿದ್ರೆ ನಮ್ಮಣ್ಣ ಇವತ್ತು ಇಲ್ಲೇ ಕೂತು ಉಣ್ಣೋನು. ಆಸ್ಪತ್ರೆ ಕಾಯಕ್ಕೆ ಬ್ಯಾಸರ ಆಯ್ತಲ್ಲಪ್ಪ ಮಗರಾಯಂಗೆ” ಅನ್ನುತ್ತಾಳೆ. ನಿಮ್ಮಪ್ಪ ತಲೆ ತಗ್ಗಿಸಿಕೊಂಡು ಅವಳ ಎಲೆಗೆ ಅನ್ನ ಬಡಿಸುತ್ತಾನೆ.

ಎರಡನೆಯ ವರ್ಷ ನಾನು ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅವಳು ಆ ಮಾತು ಎತ್ತಿದ ಕೂಡಲೇ ಸೌಟು ಹಿಡಿದುಕೊಂಡೇ ಎದ್ದುನಿಂತೆ. ಪಂಕ್ತಿಗೆ ಪಂಕ್ತಿಯೇ ನನ್ನ ಮುಖ ನೋಡಿತು. “ಏನ್ ಅತ್ಗೆ?” ಅಂದಳು ನಾದಿನಿ. ನನ್ನ ಬಾಯಿಂದ ಬಂದದ್ದು, “ಇನ್ನೊಸಿ ಸಾರು ಬುಡ್ಲಾ?” ಎಂಬುದಷ್ಟೇ. ಬಿಟ್ಟೆ. ಅವಳು ಉಂಡಳು.

ಹೋದ ವಾರ ಆ ಪೇಪರಿನ ಚಿತ್ರ ನೋಡಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಣ್ಣಾಸ್ಪತ್ರೆಗೆ ಹೋಗುತ್ತೇನೆ ಎಂದು ನಿಮ್ಮಮ್ಮನಿಗೆ ಹೇಳಿ, ವಾಚನ್ನು ಚೀಲದಲ್ಲಿ ಹಾಕಿಕೊಂಡು ರಾಮನಗರಕ್ಕೆ ಹೋದೆ. ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ವಾಚ್ ರಿಪೇರಿ ಮಾಡುವ ವಯಸ್ಸಾದ ಸಾಹೇಬರೊಬ್ಬರಿದ್ದಾರೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ಹಿಂದೆ ಮುಂದೆ ನೋಡಿದರು.

“ಯಾರದಮ್ಮ ಇದು?”

“ನಮ್ಮೆಜಮಾನ್ರುದು. ಅವ್ರು ಈಗ ಇಲ್ಲ.”

“ದೊಡ್ಡ ಸಾಮಾನು ಅಮ್ಮ ಇದು. ರೇಸ್ ಕಾರ್‌ನೋರು ಹಾಕೋದು. ನಾನು ಪೇಪರಲ್ಲಿ ನೋಡಿದ್ದೆ, ಕೈಯಲ್ಲಿ ಹಿಡಿದಿದ್ದು ಇವತ್ತೇ.”

“ನಾಲ್ಕು ವರ್ಷದಿಂದ ಕೆಟ್ಟು ನಿಂತೈತೆ. ರಿಪೇರಿ ಆಯ್ತದಾ?”

ಅವರು ಬಿಚ್ಚಲೇ ಇಲ್ಲ. ವಾಚನ್ನು ಅಂಗೈಯಲ್ಲಿಟ್ಟುಕೊಂಡು, ಮಗುವನ್ನು ತೂಗುವಂತೆ ಆ ಕಡೆ ಈ ಕಡೆ ಆಡಿಸಿ ನನ್ನ ಕಿವಿಯ ಹತ್ತಿರ ಹಿಡಿದರು. ಒಳಗೆ ಏನೋ ಸುರ್ರೆಂದು ತಿರುಗುತ್ತಿತ್ತು. ಮತ್ತೆ ನನ್ನ ಮುಂದೆ ಇಟ್ಟರು. ಪುಟ್ಟ ಮುಳ್ಳು ಓಡುತ್ತಿತ್ತು.

“ಎಲ್ಲಿ ಕೆಟ್ಟೈತೆ ಅಮ್ಮ? ಒಳಗೆ ಅರ್ಧ ಚಂದ್ರದಂಗೆ ಒಂದು ತಗಡು ಇರ್ತದೆ. ಕೈ ಆಡಿದ್ರೆ ಅದು ತಿರುಗ್ತದೆ, ಅದೇ ಇದಕ್ಕೆ ಕೀಲಿ. ಬಿಚ್ಚಿ ಒಂದು ಕಡೆ ಇಟ್ರೆ ಎರಡು ದಿನ ಓಡ್ತದೆ, ಆಮೇಲೆ ನಿಂತ್ಕೊಳ್ತದೆ. ಚೀಲದಲ್ಲಿ ಮಲಗಿಸಿ ತಂದ್ರೆ ಆ ತಗಡು ಸರಿಯಾಗಿ ತಿರುಗಲ್ಲ. ಮತ್ತೆ ಕಟ್ಕೊಂಡ್ರೆ ಮತ್ತೆ ಓಡ್ತದೆ. ಅಷ್ಟೇ.”

“ನಾಡಿ ಹೊಡ್ಕಳದ್ರಿಂದ ಅಲ್ವಾ ಓಡದು?”

ಸಾಹೇಬರು ಜೋರಾಗಿ ನಕ್ಕರು. “ನಾಡಿ ಯಾಕಮ್ಮ? ಹಸು ಕೊರಳಿಗೆ ಕಟ್ಟಿ, ಓಡ್ತದೆ. ತೊಟ್ಟಿಲಿಗೆ ಕಟ್ಟಿ, ಓಡ್ತದೆ. ನೀವು ಕಟ್ಕೊಂಡಿದ್ರೂ ಓಡ್ತಿತ್ತು.” ಆಮೇಲೆ ನನ್ನ ಮುಖ ನೋಡಿದರೇನೋ, ನಗು ನಿಲ್ಲಿಸಿದರು. ಕೂತುಕೊಳ್ಳಲು ಸ್ಟೂಲು ಎಳೆದುಕೊಟ್ಟು, ಪಕ್ಕದ ಅಂಗಡಿಯಿಂದ ನೀರು ತರಿಸಿದರು. ಎಷ್ಟು ಕೊಡಬೇಕು ಎಂದು ಕೇಳಿದ್ದಕ್ಕೆ, “ಅಲ್ಲಾಡ್ಸಿದ್ದಕ್ಕೆ ಯಾರಮ್ಮ ದುಡ್ಡು ತಗೋತಾರೆ?” ಅಂದರು.

ನೀವು ಕಟ್ಕೊಂಡಿದ್ರೂ ಓಡ್ತಿತ್ತು. ಬಸ್ಸಿನಲ್ಲಿ ಬರುವಾಗ ಅದೊಂದೇ ಮಾತು. ನರ್ಸಮ್ಮ ಹೇಳಿದ ಹಾಗೆ ನಾಚಿಕೆ ಬಿಟ್ಟು ಕೈಗೆ ಕಟ್ಟಿಕೊಂಡಿದ್ದರೆ, ನೀರು ತರಲು ಹೋಗುವಾಗ, ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುವಾಗ, ಕೈ ಮುಗಿಯುವಾಗ ಅದು ಓಡುತ್ತಲೇ ಇರುತ್ತಿತ್ತು. ಬುಧವಾರವೂ ಓಡುತ್ತಿತ್ತು, ಗುರುವಾರವೂ ಓಡುತ್ತಿತ್ತು. ನಾವು ಕಾಯುತ್ತಿದ್ದೆವು. ಕಾದಿದ್ದರೆ ತಾತ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಅದು ಡಾಕ್ಟರಿಗೂ ಗೊತ್ತಿರಲಿಲ್ಲ. ಬದುಕುತ್ತಿರಲಿಲ್ಲವೇನೋ. ಆದರೆ ನಿಮ್ಮಪ್ಪ ಆ ಎರಡು ದಿನವನ್ನು ಕೊಡಬೇಕು ಅಂದಿದ್ದ. ಬೇಡ ಎಂದವಳು ನಾನು.

ಈಗ ಕೇಳಿ. ಬರುವ ತಿಂಗಳು ಮಾರ್ನಮಿ. ಬೈರಾಪಟ್ಟಣದ ಅಜ್ಜಿ ಬರುತ್ತಾಳೆ, ಅವಳ ಅಳಿಯನೂ ಬರುತ್ತಾನೆ. ರಶ್ಮಿ, ನಿನ್ನ ಗಂಟಲು ಗಟ್ಟಿಯಾಗಿದೆ. ಎಲ್ಲರೂ ಊಟಕ್ಕೆ ಕೂರುವ ಮುಂಚೆ ನೀನು ಇದನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಸಾರು ಬಡಿಸಿದ್ದು ನಗು ತರಿಸುತ್ತದೆ, ನಗುವವರು ನಗಲಿ, ನೀನು ನಿಲ್ಲಿಸಬೇಡ. ಆಸ್ಪತ್ರೆಯ ಜಾಗ ಬಂದಾಗ ನಿಮ್ಮಪ್ಪ ಸಾಕು ಬಿಡು ಮಗ ಅನ್ನುತ್ತಾನೆ. ಆಗಲೂ ನಿಲ್ಲಿಸಬೇಡ. ಚೇತು, ವಾಚು ಮೊದಲು ನಿಮ್ಮಪ್ಪನ ಕೈಗೆ ಹೋಗಬೇಕು. ಅವನು ಕಟ್ಟಿಕೊಳ್ಳುತ್ತಾನೋ, ನಿನಗೆ ಕೊಡುತ್ತಾನೋ, ಅದು ಅವನಿಷ್ಟ.

ಓದಿ ಮುಗಿಯುವವರೆಗೆ ನಾನು ಒಲೆಯ ಹತ್ತಿರ ಹೋಗುವುದಿಲ್ಲ, ನಿಮ್ಮಪ್ಪನ ಪಕ್ಕದಲ್ಲೇ ಕೂತಿರುತ್ತೇನೆ. ಅಷ್ಟು ಜನರ ಎದುರಿಗೆ ನನ್ನ ಬಾಯಿ ಮತ್ತೆ ಕಟ್ಟಿಹೋಗಬಹುದು, ಅಳು ಬರಬಹುದು. ಆದರೂ ಪುಟ್ಟತಾಯಮ್ಮ ಏನು ಕೇಳುವುದಿದ್ದರೂ ನನ್ನನ್ನು ಕೇಳಲಿ.